ಲೆರೋಯಿಕಾಗೆ ಹಳೇ ಪ್ಯೂಜೋ: ಯಾವ್ಯಾವ ಪಾರ್ಟ್ ಬದಲಿಸಬೇಕು?

ಬವೇರಿಯಾ ಸವಾರ

ಎಲ್ಲರಿಗೂ ನಮಸ್ಕಾರ. ಇಟಲಿಯ ಗಾಯೋಲೆ ಇನ್ ಕಿಯಾಂತಿಯಲ್ಲಿ ಅಕ್ಟೋಬರ್ ಶುರುವಿನಲ್ಲಿ ನಡೆಯುವ ಹಳೇ ರೇಸಿಂಗ್ ಸೈಕಲ್‌ಗಳ ಸವಾರಿ ಲೆರೋಯಿಕಾಗೆ ಹೋಗಬೇಕು ಅಂತ ತುಂಬಾ ದಿನದ ಆಸೆ. ಮ್ಯೂನಿಕ್‌ನಲ್ಲಿದ್ದೇನೆ, ಇಲ್ಲೇ 1983ರ ಪ್ಯೂಜೋ ರೇಸಿಂಗ್ ಸೈಕಲ್ ಒಂದು ಸಿಕ್ಕಿದೆ. ಸ್ಟೀಲ್ ಫ್ರೇಮ್, ಗೇರ್ ಲಿವರ್ ಕೆಳಗಿನ ಓರೆ ಪೈಪಿನ ಮೇಲೇ ಇದೆ. ಆದರೆ ಹಿಂದಿನ ಮಾಲೀಕರು ಹೊಸ ಬ್ರೇಕ್ ಲಿವರ್ ಹಾಕಿಸಿದ್ದಾರೆ, ವಯರ್ ಹ್ಯಾಂಡಲ್ ಟೇಪಿನ ಒಳಗೆ ಹೋಗುತ್ತದೆ. ಪೆಡಲ್ ಕೂಡ ಶೂ ಕಚ್ಚಿಕೊಳ್ಳುವ ಈಗಿನದು. ಗೇರ್ ಮುಂದೆ 52/42, ಹಿಂದೆ 14ರಿಂದ 24 ಹಲ್ಲು. ಇದರಲ್ಲಿ ಏನು ಬಿಡಬಹುದು, ಏನು ಬದಲಿಸಲೇಬೇಕು? ಗೊತ್ತಿರುವವರು ಹೇಳಿ.

ಸ್ಟೀಲ್ ಫ್ರೇಮ್

ಒಳ್ಳೇ ಸೈಕಲ್ ಸಿಕ್ಕಿದೆ ನಿಮಗೆ. 1987ಕ್ಕೆ ಮುಂಚೆ ತಯಾರಾದ ರೇಸಿಂಗ್ ಸೈಕಲ್ ಆಗಿರಬೇಕು ಅನ್ನೋದು ಮೊದಲ ನಿಯಮ, ಅದು ಸರಿಯಿದೆ. ಗೇರ್ ಲಿವರೂ ಸರಿಯಿದೆ. ಬ್ರೇಕ್ ವಯರ್ ಮಾತ್ರ ಲಿವರ್ ತಲೆಯಿಂದ ಹೊರಟು ಹ್ಯಾಂಡಲ್ ಮೇಲೆ ಕಮಾನಾಗಿ ಹೊರಗೆ ಕಾಣಬೇಕು. ಹಾಗಾಗಿ ಲಿವರ್ ಬದಲಿಸಲೇಬೇಕು, ಸುಮ್ನೆ ವಯರ್ ಹೊರಗೆಳೆದರೆ ಆಗಲ್ಲ. ಪೆಡಲಿಗೆ ಟೋ ಕ್ಲಿಪ್ (ಶೂ ತುದಿಯನ್ನು ಹಿಡಿದಿಡುವ ಪಂಜರ) ಮತ್ತು ಪಟ್ಟಿ ಬೇಕು. ಗಾಲಿಗೆ ಕನಿಷ್ಠ 32 ಕಡ್ಡಿ, ರಿಮ್ ಎತ್ತರ 20 ಮಿ.ಮೀ. ಮೀರಬಾರದು. ನಿಮ್ಮದು ಹಳೇ ಗಾಲಿಯೇ ಇದ್ದರೆ ಚಿಂತೆಯಿಲ್ಲ, ಆದರೂ ಕಡ್ಡಿ ಎಣಿಸಿ.

ಗುಂಡಿ ರಸ್ತೆ

ಒಂದು ಮಾತು ಕೇಳಬೇಕು. ಬ್ರೇಕ್ ವಯರ್ ಟೇಪಿನ ಒಳಗಿದ್ದರೆ ಯಾರಿಗೆ ನಷ್ಟ? ಇಳಿಜಾರಿನಲ್ಲಿ ಹೊಸ ಲಿವರ್ ಚೆನ್ನಾಗಿ ಹಿಡಿಯುತ್ತದೆ. ಸುರಕ್ಷತೆ ಮುಖ್ಯ ಅಲ್ವಾ?

ಸ್ಟೀಲ್ ಫ್ರೇಮ್

ಸುರಕ್ಷತೆ ಮುಖ್ಯ, ಒಪ್ಪುತ್ತೇನೆ. ಆದರೆ 1987ನ್ನೇ ಯಾಕೆ ಗೆರೆ ಮಾಡಿದರು ನೋಡಿ. ಲುಕ್ ಕಂಪನಿಯ ಕಚ್ಚುವ ಪೆಡಲ್ ಬಂದದ್ದು 1984ರಲ್ಲಿ, ಮರುವರ್ಷ ಫ್ರಾನ್ಸಿನ ಸವಾರ ಬರ್ನಾರ್ ಇನೋ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ಗೆದ್ದರು. ಬ್ರೇಕ್ ವಯರ್ ಟೇಪಿನೊಳಗೆ ಸೇರಿದ್ದೂ ಆ ದಶಕದಲ್ಲೇ. 1990ಕ್ಕೆ ಶಿಮಾನೊ ಬ್ರೇಕು ಗೇರು ಎರಡನ್ನೂ ಒಂದೇ ಲಿವರಿಗೆ ತಂದಿತು. ಐದಾರು ವರ್ಷದಲ್ಲಿ ಸೈಕಲ್ ತುಳಿಯುವ ರೀತಿಯೇ ಬದಲಾಯಿತು, ಆ ಬದಲಾವಣೆಗೆ ಮುಂಚಿನದನ್ನು ಉಳಿಸಿಕೊಳ್ಳೋದೇ ಈ ಸವಾರಿ. ಜಾನ್‌ಕಾರ್ಲೊ ಬ್ರೊಚ್ಚಿ 1997ರಲ್ಲಿ ಇದನ್ನು ಶುರು ಮಾಡಿದಾಗ ಬಂದವರು 92 ಜನ. ಟಸ್ಕನಿಯ ಬಿಳಿ ಜಲ್ಲಿ ರಸ್ತೆಗಳಿಗೆ ಡಾಂಬರು ಬೀಳದಂತೆ ಕಾಪಾಡುವುದೂ ಅದರ ಉದ್ದೇಶವಾಗಿತ್ತು. ಇವತ್ತು ವೃತ್ತಿಪರರು ಓಡಿಸುವ ಸ್ತ್ರಾದೆ ಬಿಯಾಂಕೆ ರೇಸ್ ಹುಟ್ಟಿದ್ದೂ ಇದರಿಂದಲೇ. ಇಂಥಲ್ಲಿ ಒಂದೊಂದೇ ಪಾರ್ಟಿಗೆ ವಿನಾಯಿತಿ ಕೊಡುತ್ತಾ ಹೋದರೆ ಕೊನೆಗೆ ಹಳೇದು ಅಂತ ಉಳಿಯೋದು ಫ್ರೇಮಿನ ಬಣ್ಣ ಮಾತ್ರ.

ಹಳೇ ಲಿವರೂ ಚೆನ್ನಾಗಿಯೇ ಹಿಡಿಯುತ್ತದೆ, ಬ್ರೇಕ್ ರಬ್ಬರ್ ಹೊಸದಾಗಿದ್ದರೆ. ನಲವತ್ತು ವರ್ಷದ ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ದಯವಿಟ್ಟು ಅದರಲ್ಲಿ ಇಳಿಯಬೇಡಿ. ರಬ್ಬರ್, ಒಳವಯರ್, ಹೊರಕವಚ, ಟೈರ್ ಎಲ್ಲಾ ಹೊಸದು ಹಾಕಿ. ಅದಕ್ಕೆ ಯಾರೂ ಬೇಡ ಅನ್ನಲ್ಲ.

ಸ್ಪೋಕ್ ಕೀ

ಪಾರ್ಟುಗಳ ಬಗ್ಗೆ ಅವರು ಹೇಳಿಯಾಯಿತು, ನಾನು ಗೇರ್ ಬಗ್ಗೆ ಹೇಳುತ್ತೇನೆ. ನನ್ನ ಪ್ರಕಾರ ನಿಮಗೆ ನಿಜವಾದ ತೊಂದರೆ ಅಲ್ಲೇ. 42ಕ್ಕೆ 24 ಅಂದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 3.7 ಮೀಟರ್ ಹೋಗುತ್ತದೆ. ಡಾಂಬರಿನ ಏರಿನಲ್ಲಿ ಎದ್ದು ನಿಂತು ತುಳಿಯಬಹುದು. ಮೊಂತೆ ಸಾಂತೆ ಮರಿಯೆಯಂಥ ಕಡಿದಾದ ಜಲ್ಲಿಯಲ್ಲಿ ಎದ್ದು ನಿಂತರೆ ಹಿಂದಿನ ಗಾಲಿ ಅಲ್ಲೇ ಜಾರುತ್ತದೆ, ಕೂತೇ ತುಳಿಯಬೇಕು. ಮುಂದೆ 36, ಹಿಂದೆ 28 ಮಾಡಿಕೊಂಡರೆ ಅದೇ 2.7 ಮೀಟರಿಗೆ ಇಳಿಯುತ್ತದೆ. ಗೇರ್ ಹಗುರ ಮಾಡಿಕೊಳ್ಳೋಕೆ ನಿಯಮ ಅಡ್ಡ ಬರಲ್ಲ.

ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳಿನ ಮೇಲೆ ಏನು ಬರೆದಿದೆ ನೋಡಿ. ಸ್ಟ್ರಾಂಗ್‌ಲೈಟ್ 99 ಆಗಿದ್ದರೆ ಅದೃಷ್ಟ, ಅದಕ್ಕೆ 28 ಹಲ್ಲಿನವರೆಗೂ ಚಿಕ್ಕ ಚಕ್ರ ಕೂರುತ್ತದೆ. 28 ಹಲ್ಲಿನ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ತರುವ ಮುಂಚೆ ಹಬ್ಬಿನ, ಅಂದರೆ ಗಾಲಿಯ ನಡುಭಾಗದ ಮರೆ (ತಿರುಪಿನ ಸುತ್ತು) ಅಳೆಸಿ. ಹಳೇ ಫ್ರೆಂಚ್ ಸೈಕಲ್‌ನಲ್ಲಿ ಅದು 34.7 ಮಿ.ಮೀ. ಇರಬಹುದು, ಇಂಗ್ಲಿಷ್ ಮರೆ 34.8ರ ಹತ್ತಿರ. ವ್ಯತ್ಯಾಸ ಕೂದಲೆಳೆಯಷ್ಟು, ಇಂಗ್ಲಿಷ್ ಫ್ರೀವೀಲ್ ಫ್ರೆಂಚ್ ಹಬ್ಬಿಗೆ ಸಲೀಸಾಗಿ ತಿರುಗಿ ಕೂತ ಹಾಗೇ ಕಾಣುತ್ತದೆ. ಆಮೇಲೆ ಏರಿನಲ್ಲಿ ಜೋರಾಗಿ ತುಳಿದಾಗ ಮರೆ ಕಿತ್ತುಬರುತ್ತದೆ. ಹಬ್ಬು ಅಲ್ಲಿಗೆ ಮುಗೀತು.

ಬವೇರಿಯಾ ಸವಾರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗಲೇ ನೋಡಿದೆ, ಕ್ರ್ಯಾಂಕ್ ಸ್ಟ್ರಾಂಗ್‌ಲೈಟ್ 99 ಅಂತಲೇ ಇದೆ! ಟೋ ಕ್ಲಿಪ್ ನನಗೆ ಪೂರ್ತಿ ಹೊಸದು. ಬೀಳದೆ ಇರೋಕೆ ಏನಾದರೂ ಉಪಾಯ ಇದೆಯಾ?

ಸ್ಪೋಕ್ ಕೀ

ಪಟ್ಟಿಯನ್ನು ಪೆಡಲಿನ ಎರಡು ತಗಡಿನ ನಡುವೆ ತೂರಿಸುವಾಗ ಒಂದು ಸುತ್ತು ತಿರುಚಿ, ಆಗ ಅದು ಜಾರಲ್ಲ. ಬಕಲ್ ಹೊರಬದಿಗೆ ಬರಲಿ. ನಿಲ್ಲಿಸುವ ಜಾಗ ಕಂಡ ತಕ್ಷಣ, ಇನ್ನೂ ಉರುಳುತ್ತಿರುವಾಗಲೇ, ಬಗ್ಗಿ ಬಕಲನ್ನು ಬೆರಳಲ್ಲಿ ತಳ್ಳಿ ಸಡಿಲ ಮಾಡಿ ಕಾಲನ್ನು ಹಿಂದಕ್ಕೆ ಎಳೆಯಿರಿ. ಪಕ್ಕಕ್ಕೆ ತಿರುಗಿಸಿದರೆ ಬರಲ್ಲ. ಜಲ್ಲಿ ಏರಿನಲ್ಲಿ ಪಟ್ಟಿ ಬಿಗಿ ಮಾಡಲೇಬೇಡಿ. ಮತ್ತೆ, 209 ಕಿ.ಮೀ. ದಾರಿ ಆರಿಸಿಕೊಂಡರೆ ಹೊರಡೋದು ಕತ್ತಲಲ್ಲಿ, ಹಿಂದೆ ಮುಂದೆ ಲೈಟ್ ಬೇಕು. ಮೊದಲ ಸಲಕ್ಕೆ ಚಿಕ್ಕ ದಾರಿಯೇ ಸಾಕು ಅಂತ ನನಗನಿಸುತ್ತದೆ. ಹಬ್ಬಿನ ಅಳತೆ ಗೊತ್ತಾದ ಮೇಲೆ ಇಲ್ಲೇ ಹಾಕಿ, ಯಾವ ಫ್ರೀವೀಲ್ ಹುಡುಕಬೇಕು ಅಂತ ಹೇಳುತ್ತೇನೆ.