ಅಪ್‌ಡೇಟ್: ಜರ್ಮನ್ ಕೀಬೋರ್ಡ್‌ನಲ್ಲಿ ಇಂಕ್‌ಸ್ಕೇಪ್ ಶಾರ್ಟ್‌ಕಟ್

ಮ್ಯೂನಿಕ್‌ಗೆ ಬಂದು ಜರ್ಮನ್ ಕೀಬೋರ್ಡ್ ತಗೊಂಡ ಮೇಲೆ, ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಕೈ ಓಡ್ತಿಲ್ಲ ಅಂತ ಹೋದ ತಿಂಗಳು ಕೇಳಿದ್ದೆ. ಶಾರ್ಟ್‌ಕಟ್ ಕೀಗಳನ್ನು ಬದಲಿಸಿಕೊಳ್ಳಿ ಅಂತ ನೀವು ಹೇಳಿದ್ದಿರಿ. ಈಗ ಸರಿಯಾಯಿತು, ಥ್ಯಾಂಕ್ಸ್.

ದೊಡ್ಡ ತಲೆನೋವು ಚೌಕ ಬ್ರಾಕೆಟ್‌ಗಳದ್ದು. ಆಕೃತಿಯನ್ನು 15 ಡಿಗ್ರಿ ತಿರುಗಿಸಲು ಅವೇ ಬೇಕು. ಈ ಕೀಬೋರ್ಡ್‌ನಲ್ಲಿ ಅವಕ್ಕೆ ಆಲ್ಟ್-ಜಿಆರ್ (ಬಲಗಡೆಯ ಆಲ್ಟ್ ಕೀ) ಹಿಡಿದು 8, 9 ಒತ್ತಬೇಕು. ನಾನು ಬಿಡಿಸುವ ರಂಗೋಲಿಯ ಒಂದೊಂದು ಎಸಳಿಗೂ ಬೆರಳಿನ ಸರ್ಕಸ್!

ನೀವು ಹೇಳಿದ ಹಾಗೆ ಎಡಿಟ್, ಪ್ರಿಫರೆನ್ಸಸ್, ಇಂಟರ್‌ಫೇಸ್, ಕೀಬೋರ್ಡ್ ತೆರೆದು 'ರೊಟೇಟ್' ಅಂತ ಹುಡುಕಿದೆ. ಮೊದಲು ಬ್ರಾಕೆಟ್‌ಗಳ ಹಳೇ ಜಾಗದ ಕೀಗಳನ್ನೇ ಕೊಡೋಣ ಅಂದುಕೊಂಡೆ. ಅಲ್ಲಿ ಪ್ಲಸ್ ಕೂತಿದೆ, ಅದು ಝೂಮ್‌ಗೆ ಬೇಕು. ಹಾಗಾಗಿ ಎಲ್ ಪಕ್ಕದ ಎರಡು ಕೀ ಕೊಟ್ಟೆ, ತಲೆ ಮೇಲೆ ಎರಡು ಚುಕ್ಕಿ ಇರುವ ಜರ್ಮನ್ ಅಕ್ಷರಗಳು. ಸುಮ್ನೆ ಬಿದ್ದಿದ್ದವು, ಕೆಲಸಕ್ಕೆ ಬಂದವು.

ಝಡ್, ವೈ ಅದಲುಬದಲಾಗಿರುವುದನ್ನು ಮಾತ್ರ ಮುಟ್ಟಲಿಲ್ಲ. ಅಂಡೂ (ಮಾಡಿದ್ದನ್ನು ರದ್ದು ಮಾಡೋದು) ಅಂತ ಒತ್ತಿದರೆ ರೀಡೂ (ರದ್ದಾದದ್ದನ್ನು ಮತ್ತೆ ತರೋದು) ಆಗುತ್ತಿತ್ತು. ಇಂಕ್‌ಸ್ಕೇಪ್ ಒಂದರಲ್ಲೇ ಬದಲಿಸಿದರೆ ಬೇರೆ ಸಾಫ್ಟ್‌ವೇರ್‌ಗೆ ಹೋದಾಗ ಗೊಂದಲ ಇನ್ನೂ ಜಾಸ್ತಿ, ಅಲ್ವಾ? ಹತ್ತು ದಿನ ಹಿಡಿಯಿತು, ಕೈಯೇ ಕಲಿಯಿತು.

ಬದಲಿಸಿದ ಶಾರ್ಟ್‌ಕಟ್‌ಗಳು ಇರುವ, ಇಂಕ್‌ಸ್ಕೇಪ್‌ನ ಕೀಸ್ ಫೋಲ್ಡರ್‌ನ 'ಡೀಫಾಲ್ಟ್ ಡಾಟ್ ಎಕ್ಸ್‌ಎಂಎಲ್' ಫೈಲ್ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೇನೆ. ಊರಿನ ಲ್ಯಾಪ್‌ಟಾಪ್‌ಗೆ ಮಾತ್ರ ಹಾಕಲ್ಲ. ಅದರಲ್ಲಿ ಆ ಚುಕ್ಕಿ ಅಕ್ಷರಗಳೇ ಇಲ್ಲ.