ಗ್ಲಾಸ್‌ವೂಲ್ ಹೊದಿಸಿದ ಬೇಸ್‌ಮೆಂಟ್: ಗ್ಯಾಸ್ ಬಿಲ್ ಇಳಿದಿಲ್ಲ, ಬೇಸಿಗೆಯಲ್ಲಿ ಮುಗ್ಗಲು ವಾಸನೆ

ಪ್ರಶ್ನೆ (ನೇಪರ್‌ವಿಲ್, ಇಲಿನಾಯ್) – ಜುಲೈ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿ 1980ರ ದಶಕದಲ್ಲಿ ಕಟ್ಟಿದ ಮನೆ. ಬೇಸ್‌ಮೆಂಟಿನ ಗೋಡೆ 8 ಇಂಚಿನ ಕಾಂಕ್ರೀಟಿನದು. ಅದರ ಮೇಲಿನ 2 ಅಡಿ ಹೊರಗೆ ಕಾಣುತ್ತದೆ, ಉಳಿದದ್ದು ಮಣ್ಣಿನೊಳಗಿದೆ. ಸುತ್ತಳತೆ ಸುಮಾರು 140 ಅಡಿ. ಎರಡು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರರ ಕೈಯಲ್ಲಿ ಉತ್ತರದ ಮತ್ತು ಪೂರ್ವದ ಗೋಡೆಗಳಿಗೆ ಮರದ ಚೌಕಟ್ಟು ಹೊಡೆಸಿ, ಅದರೊಳಗೆ ಆರ್-13 ಗ್ಲಾಸ್‌ವೂಲ್ (ಗಾಜಿನ ನಾರಿನ ಹೊದಿಕೆ; ‘ಆರ್’ ಎಂದರೆ ಶಾಖ ತಡೆಯುವ ಶಕ್ತಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ತಡೆ ಹೆಚ್ಚು) ತುಂಬಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿಸಿದ್ದೆ. ದುಡ್ಡು ಸಾಲದೆ ಡ್ರೈವಾಲ್, ಅಂದರೆ ಜಿಪ್ಸಂ ಹಲಗೆ, ಹಾಕಿಸುವ ಕೆಲಸ ಹಾಗೆಯೇ ಉಳಿದಿದೆ.

ಎರಡು ಚಳಿಗಾಲ ಕಳೆದರೂ ಗ್ಯಾಸ್ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆಳಗೆ ಕುಳಿತು ಕೆಲಸ ಮಾಡುವಾಗ ಎರಡು ಜೊತೆ ಕಾಲುಚೀಲ ಹಾಕಿದರೂ ಪಾದ ಕೊರೆಯುತ್ತದೆ. ಅದಕ್ಕಿಂತ ಹೆಚ್ಚಿನ ಚಿಂತೆ ಎಂದರೆ ಜೂನ್ ಬಂದ ಕೂಡಲೇ ಏಳುವ ಮುಗ್ಗಲು ವಾಸನೆ. ಗಾಳಿಯಾಡಲಿ ಎಂದು ಹಗಲೆಲ್ಲ ಕಿಟಕಿ ತೆರೆದಿಡುತ್ತೇವೆ, ಆದರೂ ಊರಿನಿಂದ ತಂದು ಕೆಳಗಿಟ್ಟ ಹಪ್ಪಳ ವಾರದೊಳಗೆ ಮೆತ್ತಗಾಗುತ್ತದೆ. ಮುಂದಿನ ವರ್ಷ ತೀರ್ಥಹಳ್ಳಿಯಿಂದ ಅಪ್ಪ ಅಮ್ಮ ಬರುವವರಿದ್ದಾರೆ, ಅವರಿಗೆ ಕೆಳಗೆ ಒಂದು ಕೋಣೆ ಮಾಡುವ ಆಸೆಯಿದೆ. ಇನ್ನೊಂದು ಪದರ ಗ್ಲಾಸ್‌ವೂಲ್ ಸೇರಿಸಿದರೆ ಸರಿಹೋಗಬಹುದೇ?

ಉತ್ತರ (ಕಟ್ಟಡ ಎಂಜಿನಿಯರ್, ಮಿನಿಯಾಪೊಲಿಸ್)

ಸರ್, ದಯವಿಟ್ಟು ಇನ್ನೊಂದು ಪದರ ಸೇರಿಸಬೇಡಿ, ಡ್ರೈವಾಲನ್ನೂ ಈಗ ಹಾಕಿಸಬೇಡಿ. ದುಡ್ಡು ಸಾಲದೆ ಅದು ನಿಂತುಹೋದದ್ದು ಒಳ್ಳೆಯದೇ ಆಯಿತು, ಏಕೆಂದರೆ ಒಳಗೆ ಏನಾಗಿದೆ ಎಂಬುದನ್ನು ಏನನ್ನೂ ಒಡೆಯದೆ ನೋಡಬಹುದು.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದು ಖಚಿತವಾಗಬೇಕು. ಎರಡೂ ಗೋಡೆಗಳಲ್ಲಿ ಒಂದೊಂದು ಕಡೆ ಪ್ಲಾಸ್ಟಿಕ್ಕನ್ನೂ ಗ್ಲಾಸ್‌ವೂಲನ್ನೂ ತೆಗೆದು, ಬರಿ ಕಾಂಕ್ರೀಟನ್ನು ಒರೆಸಿ ಒಣಗಿಸಿ, 2 ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಂಡರೆ ನೀರು ಮಣ್ಣಿನಿಂದ ಗೋಡೆಯ ಮೂಲಕ ಬರುತ್ತಿದೆ ಎಂದು ತಿಳಿಯಿರಿ. ಕೋಣೆಯ ಕಡೆಯ ಮೈಯಲ್ಲಿ ಕಂಡರೆ ಅದು ಕೋಣೆಯ ಗಾಳಿಯ ತೇವ. ಎರಡರ ಮದ್ದೂ ಬೇರೆ ಬೇರೆ. ಜೊತೆಗೆ ಒಂದು ಅಗ್ಗದ ಆರ್ದ್ರತಾ ಮಾಪಕವನ್ನು ಅಲ್ಲಿಟ್ಟು, ಕಿಟಕಿ ತೆರೆದಾಗ ಎಷ್ಟು, ಮುಚ್ಚಿದಾಗ ಎಷ್ಟು ಎಂದು ಬರೆದುಕೊಳ್ಳಿ. ಕೊನೆಯದಾಗಿ, ಕಾಂಕ್ರೀಟ್ ಗೋಡೆಯ ನೆತ್ತಿಯಲ್ಲಿ, ಮೇಲಿನ ಮಹಡಿಯ ಜಂತೆಗಳ ತುದಿಗೆ ಅಡ್ಡವಾಗಿ ಸುತ್ತಲೂ ನಿಂತಿರುವ ಹಲಗೆಗೆ, ಇಲ್ಲಿ ರಿಮ್ ಜಾಯಿಸ್ಟ್ ಎನ್ನುತ್ತಾರಲ್ಲ, ಅದಕ್ಕೆ ಏನು ಹೊದಿಸಿದ್ದಾರೆ ಎಂದು ತಿಳಿಸಿ.

ಪ್ರಶ್ನೆ ಕೇಳಿದವರು – ನಾಲ್ಕು ದಿನದ ನಂತರ

ತಾವು ಹೇಳಿದಂತೆ ಮಾಡಿದೆ. ಉತ್ತರದ ಗೋಡೆಯಲ್ಲಿ ಗ್ಲಾಸ್‌ವೂಲ್ ಎಳೆದಾಗ ಅದರ ಹಿಂಬದಿ ಒದ್ದೆ ಕಂಬಳಿಯಂತಿತ್ತು. ಚೌಕಟ್ಟಿನ ಕೆಳಮರದಲ್ಲಿ ಕಪ್ಪು ಚುಕ್ಕೆಗಳಾಗಿ ಬೂಷ್ಟು ಹಿಡಿದಿದೆ. ಆದರೆ ಅಲ್ಲಿ ಅಂಟಿಸಿದ ಹಾಳೆಯ ಗೋಡೆಯ ಕಡೆ ಒಣಗಿಯೇ ಇತ್ತು, ಹನಿಗಳಿದ್ದದ್ದು ಕೋಣೆಯ ಕಡೆ. ಪೂರ್ವದ ಗೋಡೆಯಲ್ಲಿ ಇದಕ್ಕೆ ತದ್ವಿರುದ್ಧ: ಕಿಟಕಿಯ ಮೂಲೆಯಿಂದ ಇಳಿದ ಒಂದು ಬಿರುಕಿನ ಉದ್ದಕ್ಕೂ ಬಿಳಿ ಉಪ್ಪು ಅರಳಿದೆ, ಹಾಳೆಯ ಗೋಡೆಯ ಕಡೆಯೇ ನೀರು ಕೂತಿತ್ತು. ಹೊರಗೆ ಹೋಗಿ ನೋಡಿದರೆ ಸೂರಿನ ದಂಬೆಯ ಇಳಿಕೊಳವೆ ಸರಿಯಾಗಿ ಅದೇ ಜಾಗದಲ್ಲಿ, ಗೋಡೆಯ ಬುಡಕ್ಕೇ ನೀರು ಸುರಿಯುತ್ತಿದೆ. ಇಷ್ಟು ವರ್ಷ ನಾನು ಅದನ್ನು ಗಮನಿಸಿರಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮಾಪಕ ಕಿಟಕಿ ತೆರೆದಾಗ ಶೇಕಡಾ 78, ಮುಚ್ಚಿದ ಮರುದಿನ ಶೇಕಡಾ 66 ತೋರಿಸಿತು. ರಿಮ್ ಜಾಯಿಸ್ಟಿಗೆ ಏನೂ ಹೊದಿಸಿಲ್ಲ. ಜೇಡರ ಬಲೆಯೊಂದು ಗಾಳಿಗೆ ಅಲ್ಲಾಡುತ್ತಿದ್ದದ್ದನ್ನು ಕಣ್ಣಾರೆ ಕಂಡೆ.

ಉತ್ತರ (ಮಿನಿಯಾಪೊಲಿಸ್)

ಹಾಗಾದರೆ ನಿಮ್ಮ ಬೇಸ್‌ಮೆಂಟಿನಲ್ಲಿರುವುದು ಒಂದಲ್ಲ, ಮೂರು ತೊಂದರೆಗಳು. ಒಂದಕ್ಕೆ ಹಾಕಿದ ಮದ್ದು ಇನ್ನೊಂದನ್ನು ಕೆಡಿಸಿದೆ.

ಉತ್ತರದ ಗೋಡೆಯನ್ನು ಮೊದಲು ನೋಡೋಣ. ಮಳೆಗಾಲ ಹಿಡಿಯುವ ದಿನಗಳಲ್ಲಿ ಮಲೆನಾಡಿನ ಮನೆಗಳ ಸಿಮೆಂಟು ನೆಲ ಬೆವರುವುದನ್ನು ನೀವು ಕಂಡಿರುತ್ತೀರಿ. ಆ ನೀರು ನೆಲದಡಿಯಿಂದ ಬರುವುದಲ್ಲ, ತಂಪಾದ ನೆಲಕ್ಕೆ ತಾಗಿದ ತೇವದ ಗಾಳಿ ಹನಿಯಾಗುವುದು. ಇಲ್ಲಿ ಆಗುತ್ತಿರುವುದೂ ಅದೇ. ಶಿಕಾಗೊದ ಜುಲೈನಲ್ಲಿ ಹೊರಗಾಳಿಯ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಯಾಗಲು ತೊಡಗುವ ಉಷ್ಣತೆ, ಎಷ್ಟೋ ದಿನ 65ರಿಂದ 70 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಮಣ್ಣಿನೊಳಗಿನ ಗೋಡೆ ಅದಕ್ಕಿಂತ ತಂಪಾಗಿರುತ್ತದೆ. ನೀವು ಕಿಟಕಿ ತೆರೆದಷ್ಟೂ ಆ ತೇವವನ್ನು ಒಳಗೆ ಕರೆದು ಗೋಡೆಗೆ ಬಳಿದಂತಾಗುತ್ತದೆ. ಗ್ಲಾಸ್‌ವೂಲ್ ಶಾಖವನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಹೀಗಾಗಿ ಕೋಣೆಯ ಬೆಚ್ಚಗಿನ ಶಾಖ ತಲುಪದೆ ಹಿಂದಿನ ಕಾಂಕ್ರೀಟು ಮೊದಲಿಗಿಂತಲೂ ತಣ್ಣಗಾಗಿದೆ, ಆದರೆ ಕೋಣೆಯ ತೇವ ಮಾತ್ರ ಸಂದಿಗಳಿಂದ ನುಗ್ಗಿ ಅದನ್ನು ತಲುಪುತ್ತಿದೆ. ಒಮ್ಮೆ ಹನಿಯಾದ ನೀರು ಕೋಣೆಯ ಕಡೆ ಒಣಗದಂತೆ ನಿಮ್ಮ ಪ್ಲಾಸ್ಟಿಕ್ ಹಾಳೆ ತಡೆಹಿಡಿದಿದೆ. ಚಳಿಗಾಲದಲ್ಲಿ ನೆಲಮಟ್ಟಕ್ಕಿಂತ ಮೇಲಿನ 2 ಅಡಿಯಲ್ಲಿ ಇದೇ ಆಟ ಇನ್ನೂ ಜೋರಾಗಿ ನಡೆದಿರುತ್ತದೆ.

ಆದ್ದರಿಂದ ಕಾಂಕ್ರೀಟಿಗೆ ನೇರವಾಗಿ ತಾಗಿರಬೇಕಾದದ್ದು ಗಾಳಿ ಹಾಯದ, ನೀರಿಗೆ ಕೆಡದ ಫೋಮ್ ಹಲಗೆ. ಅದರಲ್ಲಿ ಎರಡು ಬಗೆ, ಎರಡೂ ಪಾಲಿಸ್ಟೈರೀನ್ ಫೋಮೇ: ಎಕ್ಸ್‌ಪಿಎಸ್ ಹಲಗೆ ಇಂಚಿಗೆ ಆರ್-5 ಕೊಡುತ್ತದೆ, ಬಿಳಿಯ ಇಪಿಎಸ್ ಸುಮಾರು ಆರ್-4. 2 ಇಂಚಿನ ಎಕ್ಸ್‌ಪಿಎಸ್ ಹಲಗೆಗಳನ್ನು ಫೋಮಿಗೆ ಹೊಂದುವ ಅಂಟಿನಿಂದ ಕಾಂಕ್ರೀಟಿಗೆ ಕೂಡಿಸಿ, ಪ್ರತಿ ಸಂದಿಗೆ ಟೇಪ್ ಹಚ್ಚಿ, ಮೇಲಂಚು ಕೆಳಂಚುಗಳಿಗೆ ಡಬ್ಬಿಯ ಫೋಮ್ ಊದಿ. ಅದರ ಮುಂದೆ ಮರದ ಚೌಕಟ್ಟು ನಿಲ್ಲಿಸಬಹುದು. ಕೆಳಮರ ಮಾತ್ರ ಕೊಳೆಯದಂತೆ ಸಂಸ್ಕರಿಸಿದ್ದೇ ಆಗಿರಲಿ. ನಿಮ್ಮದು ಐದನೆಯ ಹವಾಮಾನ ವಲಯ. 2021ರ ಮಾದರಿ ಇಂಧನ ಸಂಹಿತೆ ಅಲ್ಲಿ ಬೇಸ್‌ಮೆಂಟ್ ಗೋಡೆಗೆ ಎಡೆಬಿಡದ (ನಡುವೆ ಚೌಕಟ್ಟಿನ ಮರ ಬಾರದ) ಆರ್-15, ಇಲ್ಲವೇ ಚೌಕಟ್ಟಿನೊಳಗೆ ಆರ್-13 ಜೊತೆಗೆ ಎಡೆಬಿಡದ ಆರ್-5 ಕೇಳುತ್ತದೆ. 2 ಇಂಚಿನ ಹಲಗೆಯ ಮುಂದೆ ಆರ್-13 ತುಂಬಿದರೆ ಅದು ಈಡೇರಿ ಮಿಗುತ್ತದೆ. ಒದ್ದೆಯಾದ ಹಳೆಯ ಗ್ಲಾಸ್‌ವೂಲನ್ನು ಎಸೆಯಿರಿ, ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಹಾಕಬೇಡಿ. ಆದರೆ ಡ್ರೈವಾಲ್ ಕಡ್ಡಾಯ: ಫೋಮ್ ಬೆಂಕಿಗೆ ಬೇಗ ತುತ್ತಾಗುವುದರಿಂದ ಕನಿಷ್ಠ ಅರ್ಧ ಇಂಚಿನ ಜಿಪ್ಸಂ ಹಲಗೆಯಿಂದ ಅದನ್ನು ಮುಚ್ಚಲೇಬೇಕು.

ಇದೆಲ್ಲ ಪೂರ್ವದ ಗೋಡೆಗೆ ಈಗಲೇ ಬೇಡ. ಅಲ್ಲಿ ಮೊದಲು ಇಳಿಕೊಳವೆಯನ್ನು ಐದಾರು ಅಡಿ ದೂರಕ್ಕೆ ಚಾಚಿ, ಗೋಡೆಯಿಂದ ಆಚೆಗೆ ಮೊದಲ 10 ಅಡಿಯಲ್ಲಿ 6 ಇಂಚು ಇಳಿಜಾರು ಬರುವಂತೆ ಮಣ್ಣು ಏರಿಸಿ, ಬಿರುಕಿಗೆ ಒಳಗಿನಿಂದ ಪಾಲಿಯುರೆಥೇನ್ ತುಂಬಿಸಿ. ನಾಲ್ಕೈದು ಜೋರು ಮಳೆ ಕಳೆದು, ಹಾಳೆಯ ಪರೀಕ್ಷೆ ಮತ್ತೊಮ್ಮೆ ಮಾಡಿ, ಒಣಗಿದ್ದರೆ ಮಾತ್ರ ಹಲಗೆ ಅಂಟಿಸಿ.

ಇನ್ನು ಬಿಲ್ಲಿನ ವಿಷಯ. ಸೋರುವ ರಿಮ್ ಜಾಯಿಸ್ಟನ್ನು ಬಿಟ್ಟು ಗೋಡೆಗೆ ಮಾತ್ರ ಹೊದಿಸುವುದೆಂದರೆ ಸ್ವೆಟರ್ ಹಾಕಿಕೊಂಡು ಗುಂಡಿ ಹಾಕದೆ ಗಾಳಿಗೆ ನಿಂತಂತೆ. ಪ್ರತಿ ಎರಡು ಜಂತೆಗಳ ನಡುವಿನ ಅಳತೆಗೆ ಸ್ವಲ್ಪ ಚಿಕ್ಕದಾಗಿ ಫೋಮ್ ತುಂಡು ಕತ್ತರಿಸಿ ಕೂರಿಸಿ, ನಾಲ್ಕೂ ಬದಿಗೆ ಡಬ್ಬಿಯ ಫೋಮ್ ಊದಿ. ಒಂದು ಶನಿವಾರ, ಭಾನುವಾರದ ಕೆಲಸ. ಖರ್ಚಿಗೆ ಹೋಲಿಸಿದರೆ ಇಡೀ ಮನೆಯಲ್ಲಿ ಇದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲ ಎಂಬುದು ನನ್ನ ಅನುಭವ.

ಹೊರಗೆ ಕಾಣುವ ಕಾಂಕ್ರೀಟಿನದು ಒಂದು ಒರಟು ಲೆಕ್ಕ. 140 ಅಡಿಗೆ 2 ಅಡಿ, ಅಂದರೆ 280 ಚದರಡಿ. ಬರಿ ಕಾಂಕ್ರೀಟಿನದು ಎರಡೂ ಕಡೆಯ ಗಾಳಿಪದರ ಸೇರಿ ಸುಮಾರು ಆರ್-1.5. ಒಳಗೆ 60 ಡಿಗ್ರಿ, ಹೊರಗೆ ಆರು ತಿಂಗಳ ಸರಾಸರಿ 34 ಡಿಗ್ರಿ ಎಂದುಕೊಂಡರೆ ಗಂಟೆಗೆ ಸುಮಾರು 4,850 ಬಿಟಿಯು (ಶಾಖದ ಅಳತೆ) ಹೊರಹೋಗುತ್ತದೆ. ಆರ್-10 ಸೇರಿಸಿದರೆ ಅದು 630ರ ಆಸುಪಾಸಿಗೆ ಇಳಿಯುತ್ತದೆ. 180 ದಿನಕ್ಕೆ ಉಳಿತಾಯ ಸುಮಾರು 180 ಥರ್ಮ್ (ಗ್ಯಾಸ್ ಬಿಲ್ಲಿನ ಅಳತೆ, ಒಂದು ಥರ್ಮ್ ಎಂದರೆ ಒಂದು ಲಕ್ಷ ಬಿಟಿಯು). ಒಳಗಿನ ಉಷ್ಣತೆ ಏರುವುದರಿಂದ ನಿಜವಾಗಿ ಸಿಗುವುದು ತುಸು ಕಡಿಮೆ, ರಿಮ್ ಜಾಯಿಸ್ಟಿನ ಸೋರಿಕೆ ನಿಲ್ಲುವುದರಿಂದ ತುಸು ಹೆಚ್ಚು.

ಇನ್ನೊಂದು ಉತ್ತರ (ಟೊರೊಂಟೊ)

ಮೇಲಿನ ಉತ್ತರಕ್ಕೆ ನನ್ನದೊಂದು ತಕರಾರಿದೆ. ನಮ್ಮ ಕಡೆ ಹೊಸ ಮನೆಗಳಲ್ಲಿ ಬಿಲ್ಡರುಗಳೇ ಗ್ಲಾಸ್‌ವೂಲಿನ ಮೇಲೆ ಪ್ಲಾಸ್ಟಿಕ್ ಹೊದಿಸಿ ಕೊಡುತ್ತಾರೆ, ಎಲ್ಲವೂ ಬೂಷ್ಟು ಹಿಡಿದಿಲ್ಲ. ಇಷ್ಟೆಲ್ಲ ಪಾಡು ಪಡುವ ಬದಲು ಬೇಸ್‌ಮೆಂಟಿನ ಮಾಳಿಗೆಗೆ, ಅಂದರೆ ಜಂತೆಗಳ ನಡುವೆ, ಗ್ಲಾಸ್‌ವೂಲ್ ತುಂಬಿ ಮೇಲಿನ ಮನೆಯನ್ನು ಬೆಚ್ಚಗಿಟ್ಟುಕೊಂಡರೆ ಸಾಲದೇ?

ಉತ್ತರ (ಮಿನಿಯಾಪೊಲಿಸ್)

ಎಲ್ಲವೂ ಬೂಷ್ಟು ಹಿಡಿಯುವುದಿಲ್ಲ, ನಿಜ. ಹೊರಗಿನಿಂದ ಜಲನಿರೋಧಕ ಬಳಿದು ಕೆಳಗೆ ನೀರುಗಾಲುವೆ ಕೊಟ್ಟ ಹೊಸ ಗೋಡೆ ಇನ್ನಷ್ಟು ಸಹಿಸಿಕೊಳ್ಳುತ್ತದೆ. 1980ರ ದಶಕದ ಈ ಗೋಡೆ ಆಗಲೇ ತನ್ನ ಉತ್ತರ ಕೊಟ್ಟಿದೆ. ಮಾಳಿಗೆಗೆ ತುಂಬುವುದು ಇವರಿಗೆ ಹೊಂದುವುದಿಲ್ಲ. ಫರ್ನೆಸ್ಸು, ಬಿಸಿಗಾಳಿಯ ಕೊಳವೆ, ನೀರಿನ ಪೈಪು ಎಲ್ಲವೂ ಕೆಳಗಿರುವಾಗ ಹಾಗೆ ಮಾಡಿದರೆ ಕೊಳವೆಯ ಶಾಖ ತಣ್ಣನೆಯ ಬೇಸ್‌ಮೆಂಟಿಗೆ ಪೋಲಾಗುತ್ತದೆ, ಜನವರಿಯಲ್ಲಿ ಗೋಡೆಯ ಪಕ್ಕದ ಪೈಪು ಹೆಪ್ಪುಗಟ್ಟುವ ಅಪಾಯವೂ ಇದೆ. ಅಪ್ಪ ಅಮ್ಮನಿಗೆ ಕೋಣೆಯಂತೂ ಆಗುವುದಿಲ್ಲ.

ನಿಮ್ಮ ಮಾತಿನಿಂದ ನೆನಪಾದ ಇನ್ನೊಂದು ಎಚ್ಚರಿಕೆ: ಗಾಳಿ ಸೋರುವುದನ್ನು ಮುಚ್ಚುವ ಮೊದಲು, ಕೆಳಗಿರುವ ವಾಟರ್ ಹೀಟರ್ ಕೋಣೆಯ ಗಾಳಿಯನ್ನೇ ಎಳೆದು ಚಿಮಣಿಗೆ ಬಿಡುವಂಥದ್ದೇ ಎಂದು ನೋಡಿಸಿ. ಹಾಗಿದ್ದರೆ ಅದಕ್ಕೆ ಉರಿಯಲು ಬೇಕಾದ ಗಾಳಿಯ ದಾರಿ ಉಳಿದಿರಬೇಕು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಜನ ಮಲಗುವ ಕೋಣೆ ಮಾಡುವವರು ರೇಡಾನ್, ಅಂದರೆ ಮಣ್ಣಿನಿಂದ ಏಳುವ ವಿಕಿರಣಶೀಲ ಅನಿಲದ, ಪರೀಕ್ಷೆಯನ್ನೂ ಮಾಡಿಸಬೇಕು. ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿಪಡಿಸಿಕೊಳ್ಳಿ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ಮಲಗುವ ಕೋಣೆಗೆ ತಪ್ಪಿಸಿಕೊಳ್ಳುವಷ್ಟು ದೊಡ್ಡ ಕಿಟಕಿಯೂ ಬೇಕು, ಅದಕ್ಕಾಗಿ ನಗರದ ಅನುಮತಿ ಪಡೆಯುವಾಗಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು – ಮರುವರ್ಷದ ಏಪ್ರಿಲ್

ಎಲ್ಲರಿಗೂ ವಂದನೆಗಳು. ಇಳಿಕೊಳವೆಯನ್ನು ಅದೇ ವಾರ 6 ಅಡಿ ಚಾಚಿದೆ. ಬಿರುಕು ತುಂಬಿಸುವ ಮೊದಲೇ ಪೂರ್ವದ ಗೋಡೆ ಮುಕ್ಕಾಲು ಒಣಗಿತ್ತು. ಕಿಟಕಿಗಳನ್ನು ಮುಚ್ಚಿ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಅನ್ನು ಶೇಕಡಾ 50ಕ್ಕೆ ಇಟ್ಟ ಮೇಲೆ, ಹಳೆಯ ಗ್ಲಾಸ್‌ವೂಲ್ ಹೊರಬಿದ್ದ ಹತ್ತು ದಿನದಲ್ಲಿ ವಾಸನೆ ಹೋಯಿತು. ರಿಮ್ ಜಾಯಿಸ್ಟಿನ ಕೆಲಸವನ್ನು ನಾನೇ ಮಾಡಿದೆ. ಕೈಗವಸು ಹಾಕದೆ ಡಬ್ಬಿಯ ಫೋಮ್ ಮುಟ್ಟಿ, ವಾರವಿಡೀ ಬೆರಳಿಗೆ ಅಂಟಿದ್ದನ್ನು ಕೆರೆದು ತೆಗೆಯಬೇಕಾಯಿತು. ನಾಲ್ಕೂ ಗೋಡೆಗೆ ಹಲಗೆ ಮುಗಿದದ್ದು ಅಕ್ಟೋಬರ್ ಕೊನೆಗೆ.

ಈ ಚಳಿಗಾಲ ಗ್ಯಾಸ್ ಬಳಕೆ ಗಣನೀಯವಾಗಿ ಇಳಿದಿದೆ. ಆದರೆ ಚಳಿಯೇ ಕಡಿಮೆಯಿತ್ತೇನೋ ಎಂಬ ಅನುಮಾನ ಉಳಿದಿದೆ. ಪಾದ ಮಾತ್ರ ಇನ್ನೂ ಕೊರೆಯುತ್ತದೆ.

ಉತ್ತರ (ಮಿನಿಯಾಪೊಲಿಸ್)

ಅನುಮಾನ ಸರಿಯಾದದ್ದೇ. ಎರಡೂ ವರ್ಷಗಳ ಒಟ್ಟು ಥರ್ಮನ್ನು ಆಯಾ ಚಳಿಗಾಲದ ಹೀಟಿಂಗ್ ಡಿಗ್ರಿ ಡೇ ಸಂಖ್ಯೆಯಿಂದ, ಅಂದರೆ ಚಳಿ ಎಷ್ಟಿತ್ತೆಂಬ ಅಳತೆಯಿಂದ, ಭಾಗಿಸಿ ಹೋಲಿಸಿ. ಹವಾಮಾನ ಇಲಾಖೆಯ ತಾಣದಲ್ಲಿ ಊರೂರಿನ ಲೆಕ್ಕ ಉಚಿತವಾಗಿ ಸಿಗುತ್ತದೆ. ಸರಾಸರಿ ಉಷ್ಣತೆ 35 ಇದ್ದ ದಿನಕ್ಕೆ 65ರಿಂದ ಕಳೆದು 30 ಡಿಗ್ರಿ ಡೇ ಎಂದು ಲೆಕ್ಕ.

ಪಾದಕ್ಕೆ ಕಾರಣ ನೆಲದ ಕಾಂಕ್ರೀಟು. ಗೋಡೆ ಎಷ್ಟು ಬೆಚ್ಚಗಾದರೂ ಅದು ಮಣ್ಣಿನ ತಂಪಿನಲ್ಲೇ ಇರುತ್ತದೆ. ಬರಿ ಕಾರ್ಪೆಟ್ ಹಾಸಬೇಡಿ, ಜುಲೈನಲ್ಲಿ ಅದರಡಿ ಮತ್ತೆ ಅದೇ ಬೆವರು ಶುರುವಾಗುತ್ತದೆ. 1 ಇಂಚಿನ ಎಕ್ಸ್‌ಪಿಎಸ್ ಹಾಸಿ, ಸಂದಿಗೆ ಟೇಪ್ ಹಚ್ಚಿ, ಮೇಲೆ ಪ್ಲೈವುಡ್ಡಿನ ಎರಡು ತೆಳು ಪದರಗಳನ್ನು ಸಂದಿಗಳು ಒಂದರ ಮೇಲೊಂದು ಬಾರದಂತೆ ಸ್ಕ್ರೂ ಮಾಡಿ. ಇದಕ್ಕೆ 2 ಇಂಚು ಎತ್ತರ ಹೋಗುತ್ತದೆ. ವಾಸದ ಕೋಣೆಗೆ ಮಾಳಿಗೆಯವರೆಗೆ 7 ಅಡಿ ಉಳಿಯಬೇಕಾದ್ದರಿಂದ ಹಲಗೆ ಕೊಳ್ಳುವ ಮುಂಚೆ ಬಿಸಿಗಾಳಿಯ ಕೊಳವೆಯ ಕೆಳಗೂ, ಮೆಟ್ಟಿಲಿನ ಕೊನೆಯ ಹೆಜ್ಜೆಯ ಹತ್ತಿರವೂ ಅಳತೆ ತೆಗೆಯಿರಿ. ಕೊನೆಯ ಮೆಟ್ಟಿಲು ಉಳಿದವುಗಳಿಗಿಂತ 2 ಇಂಚು ಗಿಡ್ಡವಾದರೆ ವಯಸ್ಸಾದವರು ಎಡವುತ್ತಾರೆ. ಅದನ್ನು ಮರುಕಟ್ಟಿಸುವ ಖರ್ಚನ್ನೂ ಈಗಲೇ ಸೇರಿಸಿಕೊಳ್ಳಿ.