ಲೀ-ಎನ್‌ಫೀಲ್ಡ್ ಕೋವಿಗೆ ಸ್ಕೋಪು: ಝೀರೋ ನಿಲ್ಲುತ್ತಿಲ್ಲ, ಗುಂಡಿ ಕೊನೆ ಮುಟ್ಟಿತು

ಕೋಡಿಬಾಗ್_ಕಡಲು (ಕಾರವಾರ)
ಹಳೇ ಮಿಲಿಟರಿ ಮಾದರಿಯ ಲೀ-ಎನ್‌ಫೀಲ್ಡಿಗೆ ಸ್ಕೋಪು (ಗುರಿ ನೋಡುವ ದುರ್ಬೀನು) ಕೂರಿಸಿದ್ದಾಗಿದೆ, ಝೀರೋ (ಸ್ಕೋಪಿನ ಗುರಿಗೂ ಈಡು ಬೀಳುವ ಜಾಗಕ್ಕೂ ಹೊಂದಾಣಿಕೆ) ಮಾತ್ರ ನಿಲ್ಲುವುದೇ ಇಲ್ಲ. 50 ಮೀಟರಿನಲ್ಲಿ ಈಡು ಕೆಳಗೆ ಬೀಳುತ್ತದೆ. ಈಡನ್ನು ಮೇಲೆ-ಕೆಳಗೆ ಸರಿಸುವ ಸ್ಕೋಪಿನ ಮೇಲಿನ ಗುಂಡಿ ತಿರುಗಿಸುತ್ತ ಹೋದರೆ ಕೊನೆ ಮುಟ್ಟಿ ನಿಂತಿತು, ಆದರೂ ಸಾಲದು. ಅದರ ಮೇಲೆ ಈಡುಗಳ ಗುಂಪೂ ಕೂಡುವುದಿಲ್ಲ, ಒಂದು ಎಡಕ್ಕೆ ಹೋದರೆ ಇನ್ನೊಂದು ಕೆಳಕ್ಕೆ. ಸ್ಕ್ರೂ ಎಲ್ಲ ಬಿಗಿ ಇದೆ, ಅದನ್ನೇ ಕೇಳಬೇಡಿ. ತೋಟೆ ಸಿಗುವುದೇ ಕಷ್ಟ, ಹೀಗೆ ಸುಟ್ಟು ಹಾಳು ಮಾಡಲಿಕ್ಕಾಗುವುದಿಲ್ಲ. ಎಂತ ಮಾಡುವುದು?

ಬನವಾಸಿ_ಬೋಲ್ಟ್
ಬಿಗಿ ಅಂದರೆ ಎಷ್ಟು ಬಿಗಿ ಮಾರಾಯ್ರೇ? ಸ್ಕೋಪು ಹಿಡಿಯುವ ಉಂಗುರದ ಸ್ಕ್ರೂಗೆ 15ರಿಂದ 18 ಇಂಚು-ಪೌಂಡು ಸಾಕು, ಅಂದರೆ ಹೆಚ್ಚೆಂದರೆ ಸುಮಾರು 2 ನ್ಯೂಟನ್-ಮೀಟರ್. ಅದಕ್ಕಿಂತ ಎಳೆದರೆ ಕೊಳವೆ ಅಮುಕಿ ಒಳಗಿನ ಕೆಲಸ ಸಿಕ್ಕಿಹಾಕಿಕೊಳ್ಳುತ್ತದೆ. ತಳದ ಸ್ಕ್ರೂ ಸ್ವಲ್ಪ ಹೆಚ್ಚು ತಡೆಯುತ್ತದೆ. ಎಲ್ಲ ಬಿಚ್ಚಿ, ಥಿನ್ನರಿನಲ್ಲಿ ಎಣ್ಣೆ ಪಸೆ ತೆಗೆದು, ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ ಹಾಕಿ ಕೂರಿಸಿ. ಕೆಂಪು ಹಾಕಬೇಡಿ, ಆಮೇಲೆ ಕಾಯಿಸದೆ ಬಿಚ್ಚಲಿಕ್ಕಾಗುವುದಿಲ್ಲ.

ಕೋಡಿಬಾಗ್_ಕಡಲು
ಸ್ಕ್ರೂ ಕೇಳಬೇಡಿ ಅಂದೆನಲ್ಲ.

ಅಘನಾಶಿನಿ (ಸಿರ್ಸಿ)
ಇದು ಸ್ಕೋಪಿನದೇ ರೋಗ. ಮೇಲಿನ ಗುಂಡಿ ಕೊನೆ ತನಕ ಹೋದಾಗ ಒಳಗಿನ ಸಣ್ಣ ಕೊಳವೆಯನ್ನು ಹಿಂದೆ ತಳ್ಳುವ ಸ್ಪ್ರಿಂಗು ಪೂರ್ತಿ ಸಡಿಲಾಗಿರುತ್ತದೆ. ಪ್ರತಿ ಈಡಿಗೂ ಆ ಕೊಳವೆ ಕುಣಿಯುತ್ತದೆ, ಗುಂಪು ಚದುರುತ್ತದೆ. ಕಡಿಮೆ ದುಡ್ಡಿನ ಸ್ಕೋಪಿನಲ್ಲಿ ಸ್ಪ್ರಿಂಗು ಮೊದಲೇ ಬಡವಾಗಿರುತ್ತದೆ. ಬೇರೆ ಹಾಕಿ ನೋಡಿ.

ದೇವಿಮನೆ_ಘಟ್ಟ
ಅಘನಾಶಿನಿಯವರು ಹೇಳಿದ ಕೆಲಸ ಸರಿ, ಆದರೆ ಅದು ಪರಿಣಾಮ. ಗುಂಡಿ ಕೊನೆಗೆ ಹೋಗಬೇಕಾದ ಪರಿಸ್ಥಿತಿ ಯಾಕೆ ಬಂತು? ಮೂರು ವಿಷಯ ಹೇಳಿ. ಕೋವಿ ನಂ.1 ಮಾದರಿಯೋ, ನಂ.4 ಮಾದರಿಯೋ? ಮೌಂಟು (ಸ್ಕೋಪನ್ನು ಕೋವಿಗೆ ಹಿಡಿಸುವ ಭಾಗ) ಎಲ್ಲಿ ಹಿಡಿದಿದೆ, ಮೇಲೋ ಎಡ ಪಕ್ಕವೋ? ಗುಂಡಿ ಕೊನೆ ಮುಟ್ಟಿದ ಮೇಲೂ ಎಷ್ಟು ಕೆಳಗೆ?

ಕೋಡಿಬಾಗ್_ಕಡಲು
ಎಡ ಪಕ್ಕದ ಪ್ಲೇಟು, ಮೂರು ಸ್ಕ್ರೂ. ಕೊನೆ ಮುಟ್ಟಿದ ಮೇಲೂ ಸುಮಾರು 20 ಸೆಂ.ಮೀ. ಕೆಳಗೆ. ಲೀ-ಎನ್‌ಫೀಲ್ಡ್ ಅಂದೆನಲ್ಲ, ಅದರಲ್ಲಿ ನಂಬರು ಯಾವುದಾದರೆ ಎಂತ?

ಕಾಳಿ_ಸೇತುವೆ
.303 ಆದರೆ ಅದು ನಿಷೇಧಿತ ಬೋರು (ನಳಿಗೆಯ ಅಳತೆ), ಇಲ್ಲಿ ಚರ್ಚೆಯೇ ಬೇಡ. ಲೈಸೆನ್ಸಿನಲ್ಲಿ ಎಂತ ಬರೆದಿದೆ?

ಕೋಡಿಬಾಗ್_ಕಡಲು
.315. ಲೈಸೆನ್ಸ್ ಸರಿಯಾಗಿಯೇ ಇದೆ.

ದೇವಿಮನೆ_ಘಟ್ಟ
ಅದನ್ನು ಮೊದಲೇ ಹೇಳುವುದಲ್ಲವೋ! .315 ಅಂದರೆ 8x50ಆರ್ ತೋಟೆ, ನಮ್ಮ ದೇಶದ ಆ ಕೋವಿಯ ಬಾಡಿ (ನಳಿಗೆಯ ಹಿಂದೆ ಬೋಲ್ಟು ಓಡುವ ಉಕ್ಕಿನ ಭಾಗ) ನಂ.1 ವಂಶದ್ದು. ಹಿಂದಿನ ನೋಟ (ಗುರಿ ಹಿಡಿಯುವ ಕಬ್ಬಿಣದ ಪಟ್ಟಿ) ನಳಿಗೆಯ ಮೇಲೆ, ಮುಂದಕ್ಕೆ ಇರುತ್ತದೆ. ನಂ.4ರಲ್ಲಿ ಅದು ಬಾಡಿಯ ಹಿಂಭಾಗದಲ್ಲಿ, ತೂತಿನ ನೋಟ. ನಂ.4ರ ಎಡಗೋಡೆ ಎತ್ತರ, ಚಪ್ಪಟೆ. ನಂ.1ರದು ಕುಳ್ಳು, ಮುಂದಿನ ಭಾಗ ದುಂಡು. ಹೊರಗಿನಿಂದ ಬರುವ ಪಕ್ಕದ ಪ್ಲೇಟು ಹೆಚ್ಚಿನವು ನಂ.4ರ ಅಳತೆಯವು. ಅದನ್ನು ನಂ.1ಕ್ಕೆ ಬಿಗಿದರೆ ಪೂರ್ತಿ ಮುಖ ಕೂರುವುದಿಲ್ಲ, ಒಂದು ಅಂಚಿನ ಮೇಲೆ ನಿಂತು ಓರೆಯಾಗುತ್ತದೆ. ಸ್ಕ್ರೂ ಎಷ್ಟೇ ಬಿಗಿ ಇರಲಿ, ಈಡಿಗೆ ಈಡಿಗೆ ತೂಗುತ್ತದೆ.

ಅಘನಾಶಿನಿ (ಸಿರ್ಸಿ)
ನಾನು ಇನ್ನೂ ಸ್ಕೋಪೇ ಅನ್ನುವುದು. ಓರೆ ಆದರೆ ಝೀರೋ ತಪ್ಪಬೇಕು, ಗುಂಪು ಚದುರಲಿಕ್ಕೆ ಸ್ಪ್ರಿಂಗೇ ಕಾರಣ.

ದೇವಿಮನೆ_ಘಟ್ಟ
ತೋಟೆ ಸುಡದೆ ನೋಡಬಹುದು, ವಾದ ಬೇಡ. ಕೋವಿ ಖಾಲಿ ಮಾಡಿ, ತೋಟೆ ಬೇರೆ ಕೋಣೆಯಲ್ಲಿಡಿ. ಬೋಲ್ಟು ಹಿಂದಕ್ಕೆಳೆದು, ಬೋಲ್ಟಿನ ತಲೆಯನ್ನು ಅದರ ಹಳಿಯಿಂದ ಮೇಲೆತ್ತಿ ಹೊರತೆಗೆಯಿರಿ. ಕೋವಿಯನ್ನು ಮರಳು ಚೀಲದ ಮೇಲೆ ಅಲ್ಲಾಡದಂತೆ ಇಟ್ಟು, ನಳಿಗೆಯೊಳಗಿನಿಂದ 25 ಮೀಟರ್ ದೂರದ ಗೋಡೆಯ ಗುರುತನ್ನು ನಡುವೆ ತನ್ನಿ. ಈಗ ಸ್ಕೋಪಿನಲ್ಲಿ ನೋಡಿ, ಒಳಗಿನ ಅಡ್ಡ-ಉದ್ದ ಗೆರೆ ಎಲ್ಲಿದೆ ಬರೆದಿಟ್ಟುಕೊಳ್ಳಿ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೌಂಟಿಗೆ ನಾಲ್ಕು ಕಡೆ ಮೆಲ್ಲಗೆ ತಟ್ಟಿ, ನಳಿಗೆ ಮತ್ತೆ ಗುರುತಿಗೇ ಇದೆಯೋ ನೋಡಿ, ಆಮೇಲೆ ಗೆರೆ. ನಳಿಗೆ ಅಲ್ಲೇ ಇದ್ದು ಗೆರೆ ಸರಿದರೆ ಮೌಂಟು ಇಲ್ಲವೇ ಉಂಗುರ. ಗುಂಡಿಯನ್ನು ನಡುಮಧ್ಯಕ್ಕೆ ತಂದು ಇದನ್ನು ಮಾಡಿ, ಆಗ ಸ್ಪ್ರಿಂಗಿನ ಅನುಮಾನ ಹೆಚ್ಚು ಉಳಿಯುವುದಿಲ್ಲ. ನಡುಮಧ್ಯ ಸಿಗಲಿಕ್ಕೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಕ್ಲಿಕ್ ಎಣಿಸಿ, ಅರ್ಧ ಹಿಂದೆ ಬನ್ನಿ.

ಆಮೇಲೆ ಪ್ಲೇಟು ಬಿಚ್ಚಿ, ದೀಪದ ಕಾಡಿಗೆಗೆ ಒಂದು ತೊಟ್ಟು ಎಣ್ಣೆ ಬೆರೆಸಿ ಬಾಡಿಗೆ ತೆಳ್ಳಗೆ ಬಳಿಯಿರಿ. ಪ್ಲೇಟು ಒತ್ತಿ ತೆಗೆಯಿರಿ. ಕಪ್ಪು ಎಲ್ಲಿ ಅಂಟಿತೋ ಅಷ್ಟೇ ಕೂತಿರುವ ಜಾಗ.

ಬನವಾಸಿ_ಬೋಲ್ಟ್
ಸ್ಕೋಪಿನ ಮುಂದಿನ ಗಾಜಿನ ದಪ್ಪ ತುದಿ ನಳಿಗೆಯ ನೋಟಕ್ಕೆ ತಾಗುತ್ತದೋ ಅದನ್ನೂ ನೋಡಿ. 40 ಮಿ.ಮೀ. ಗಾಜಾದರೆ ನೋಟ ಮಡಚಿದರೂ ತಾಗುವುದು ಸಾಮಾನ್ಯ. ನಡುವೆ ಒಂದು ಪೇಪರು ಚೂರು ಸಲೀಸಾಗಿ ಓಡಾಡಬೇಕು. 32 ಮಿ.ಮೀ. ಆದರೆ ಮೌಂಟು ತಗ್ಗಿಸಬಹುದು, ಕೆನ್ನೆಯೂ ಕೂರುತ್ತದೆ.

ಹೊನ್ನಾವರ_ಬಂದರು
ಸುಮ್ಮನೆ ಎಂತಕ್ಕೆ ಇಷ್ಟೆಲ್ಲ. ನಮ್ಮ ಡಯಾನಾ ಏರ್‌ಗನ್ನಿಗೆ ಒಂದೇ ತುಂಡಿನ ಮೌಂಟು, 4-12x40 ಸ್ಕೋಪು, ಹಿಂದೆ ಸ್ಟಾಪ್ ಪಿನ್ನು. ವರ್ಷವೆಲ್ಲ ಕೂತಿದೆ.

ಕಾಳಿ_ಸೇತುವೆ
ಏರ್‌ಗನ್ನಿಗೂ ಇದಕ್ಕೂ ಎಂತ ಸಂಬಂಧ ಮಾರಾಯಾ? ಸ್ಪ್ರಿಂಗ್ ಏರ್‌ಗನ್ ಮೊದಲು ಹಿಂದಕ್ಕೆ, ಕೂಡಲೇ ಮುಂದಕ್ಕೆ ಜಿಗಿಯುತ್ತದೆ. ಬೆಂಕಿ ಕೋವಿ ಹಿಂದಕ್ಕೊಂದೇ. ಅದರ ಸ್ಕೋಪು ಬೇರೆ, ಇದರದು ಬೇರೆ. ಡಯಾನಾದ ನಳಿಗೆ ಬಾಗು ಸರಿಮಾಡಲಿಕ್ಕೇ ಓರೆ ಮೌಂಟು ಮಾರುತ್ತಾರೆ, ನಿಮ್ಮದು ಅದೇ ಇರಬೇಕು.

ಹೊನ್ನಾವರ_ಬಂದರು
ಹೌದು, ಅದೇ. ಅದಕ್ಕೇ ಹೇಳಿದ್ದು, ಓರೆ ಮೌಂಟು ತಗೊಳ್ಳಿ.

ಕೋಡಿಬಾಗ್_ಕಡಲು
ಕಾಡಿಗೆ ಹಚ್ಚಿ ನೋಡಿದೆ. ಮೇಲಿನ ಅಂಚಿನಲ್ಲಿ ಉದ್ದಕ್ಕೆ ಕಪ್ಪು ಒಂದು ಗೆರೆ, ಹಿಂದಿನ ಸ್ಕ್ರೂ ಹತ್ತಿರ ಒಂದು ಚುಕ್ಕಿ, ಉಳಿದದ್ದು ಖಾಲಿ. ತಟ್ಟಿದರೆ ಸ್ಕೋಪಿನ ಗೆರೆ ಸರಿಯುತ್ತದೆ, ನಳಿಗೆ ಅಲ್ಲೇ ಇದೆ. ಗಾಜು ತಾಗುವುದಿಲ್ಲ.

ದೇವಿಮನೆ_ಘಟ್ಟ
ಇನ್ನು ಲೆಕ್ಕ ನೋಡಿ. ನಿಮ್ಮ ಸ್ಕೋಪಿನ ಗುಂಡಿಯ ಒಟ್ಟು ಓಟ 60 ಮಿನಿಟ್ (ಕೋನದ ಮಿನಿಟು, ಡಿಗ್ರಿಯ 60ನೇ ಒಂದು ಪಾಲು) ಅಂತ ಹಿಡಿದರೆ ನಡುವಿನಿಂದ ಮೇಲಕ್ಕೆ 30. 50 ಮೀಟರಿನಲ್ಲಿ ಒಂದು ಮಿನಿಟು 14.5 ಮಿ.ಮೀ., 30ಕ್ಕೆ ಸುಮಾರು 44 ಸೆಂ.ಮೀ. ಅದು ಮುಗಿದ ಮೇಲೂ 20. ಒಟ್ಟು 64 ಸೆಂ.ಮೀ., ಮೀಟರಿಗೆ 12.8 ಮಿ.ಮೀ. ಓರೆ. ಉಂಗುರಗಳ ನಡುವೆ 100 ಮಿ.ಮೀ. ಇದ್ದರೆ ಹಿಂದಿನದನ್ನು 1.3 ಮಿ.ಮೀ. ಎತ್ತಬೇಕು. ಇಷ್ಟು ಎತ್ತರಕ್ಕೆ ಒಂದೇ ಉಂಗುರದಡಿ ತಗಡು ತುರುಕಿದರೆ ಸ್ಕೋಪಿನ ಕೊಳವೆ ಬಾಗುತ್ತದೆ. ತಗಡು 0.1, 0.2 ಮಿ.ಮೀ. ಕೊರತೆಗೆ ಮಾತ್ರ. ಇಲ್ಲಿ ಪ್ಲೇಟಿನ ಒಳಮುಖವನ್ನೇ ಬಾಡಿಯ ಆಕಾರಕ್ಕೆ ಮಿಲ್ ಮಾಡಿಸಬೇಕು.

ಪ್ಲೇಟನ್ನು ಮಾತ್ರ ಕೆರೆಯಿರಿ, ಬಾಡಿ ಮುಟ್ಟಬೇಡಿ. ಆ ಕೆಲಸ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಲ್ಲೇ ಆಗಬೇಕು, ಲೇತ್ ಅಂಗಡಿಗೆ ಕೋವಿ ಒಯ್ಯುವಂತಿಲ್ಲ. ಪ್ಲೇಟು ಬಿಚ್ಚಿ ಅದೊಂದನ್ನೇ ಒಯ್ದರೆ ಅಳತೆ ಸಿಗುವುದಿಲ್ಲ. ಮಿಲ್ ಆದ ಮೇಲೂ ಕೂದಲೆಳೆ ಸಂದು ಉಳಿಯುತ್ತದೆ. ಬಾಡಿಗೆ ಮೇಣದ ಪಾಲಿಶ್ ಎರಡು ಸಲ ಹಚ್ಚಿ, ಪ್ಲೇಟಿಗೆ ಉಕ್ಕಿನ ಪುಡಿಯ ಎಪಾಕ್ಸಿ ತೆಳ್ಳಗೆ ಬಳಿದು, ಸ್ಕ್ರೂ ಹಗುರಕ್ಕೆ ಹಿಡಿಸಿ 24 ಗಂಟೆ ಬಿಡಿ. ಆಮೇಲೆ ಪೂರ್ತಿ ಬಿಗಿ.

ಅಘನಾಶಿನಿ (ಸಿರ್ಸಿ)
ಸ್ಪ್ರಿಂಗನ್ನೂ ಪರೀಕ್ಷೆ ಮಾಡಿಸಿ.

ಬನವಾಸಿ_ಬೋಲ್ಟ್
ಪಕ್ಕದ ಮೌಂಟು ಎಂತಕ್ಕೆ ಬೇಕಿತ್ತೋ. ಮೊದಲ ಮಹಾಯುದ್ಧದ ನಂ.1ಕ್ಕೆ ಎಡಕ್ಕೆ ಸರಿಸಿ ಕೂರಿಸಿದ್ದು ಮೇಲಿನಿಂದ ಚಾರ್ಜರ್ ಕ್ಲಿಪ್ಪು (ಹಲವು ತೋಟೆ ಒಟ್ಟಿಗೆ ಹಿಡಿಯುವ ಪಟ್ಟಿ) ತುಂಬಲಿಕ್ಕೆ ಜಾಗ ಬಿಡಬೇಕಿತ್ತು ಅಂತ. ಒಂದೊಂದೇ ತೋಟೆ ಹಾಕುವವರಿಗೆ ಆ ತಾಪತ್ರಯ ಇಲ್ಲ. ಎರಡನೆಯದರಲ್ಲಿ ನಂ.4 (ಟಿ)ಗೆ ಹಾಲೆಂಡ್ ಅಂಡ್ ಹಾಲೆಂಡ್‌ನವರು ಎಡಗೋಡೆಗೆ ಪ್ಯಾಡು ಕೂರಿಸಿ, ಅದರ ಮೇಲೆ ಬ್ರ್ಯಾಕೆಟ್ಟು, 3 ಪಟ್ಟಿನ ನಂ.32 ಸ್ಕೋಪು. ಬ್ರ್ಯಾಕೆಟ್ಟಿನ ಮೇಲೆ ಆಯಾ ಕೋವಿಯ ನಂಬರು ಹೊಡೆದಿರುತ್ತಿತ್ತು. ಒಂದರದ್ದು ಇನ್ನೊಂದಕ್ಕೆ ಹಾಕುತ್ತಿರಲಿಲ್ಲ. ಕುಂದದ (ಹೆಗಲಿಗೆ ಊರುವ ಹಿಂದಿನ ಮರ) ಮೇಲೆ ಮರದ ಕೆನ್ನೆದಿಂಬು ಬೇರೆ.

ಕಾಳಿ_ಸೇತುವೆ
ಕೆನ್ನೆದಿಂಬು ಇವರಿಗೂ ಬೇಕು. ಕುಂದ ಕಬ್ಬಿಣದ ನೋಟಕ್ಕೆ ಮಾಡಿದ್ದು. ಗದ್ದ ಊರಿ ನೋಡಿದರೆ ಕಣ್ಣು ಪ್ರತಿಸಲ ಬೇರೆ ಜಾಗಕ್ಕೆ ಹೋಗುತ್ತದೆ, ಪ್ಯಾರಲಾಕ್ಸಿನಿಂದ (ಕಣ್ಣು ಸರಿದರೆ ಗೆರೆಯೂ ಸರಿದಂತೆ ಕಾಣುವುದು) ಗುಂಪು ಅರಳುತ್ತದೆ. ಹಾಗೇ ಮಳೆಗಾಲದಲ್ಲಿ ಝೀರೋ ಮಾಡಬೇಡಿ. ಕಾರವಾರದ ಹವೆಗೆ ಮುಂದಿನ ಮರ ಉಬ್ಬಿ ನಳಿಗೆ ಒತ್ತುತ್ತದೆ, ಮಾಗಿಯಲ್ಲಿ ಒಣಗಿ ಬಿಡುತ್ತದೆ. ಮೌಂಟು ಸರಿ ಇದ್ದರೂ ಈಡು ಸರಿಯುತ್ತದೆ.

ಹೊನ್ನಾವರ_ಬಂದರು
ಉಪ್ಪು ಗಾಳಿಗೆ ಸ್ಕ್ರೂಗೆ ಕೊಬ್ಬರಿ ಎಣ್ಣೆ ಸಾಕು.

ಅಘನಾಶಿನಿ (ಸಿರ್ಸಿ)
ಸಾಕಲ್ಲ! ನಮ್ಮ ಮೇಲಿನವರ ಚಳಿಗೆ ಅದು ಬೆಣ್ಣೆ ಆಗುತ್ತದೆ. ಕೆಳಗೂ ಸ್ವಲ್ಪ ದಿನಕ್ಕೆ ಜಿಡ್ಡುಗಟ್ಟಿ ಬೋಲ್ಟು ಅಂಟುತ್ತದೆ. ಖನಿಜ ಎಣ್ಣೆ ಹಚ್ಚಿ. ಫೋಮು ಚೀಲದಲ್ಲಿ ಮಾತ್ರ ಇಡಬೇಡಿ, ಅದು ನೀರು ಹಿಡಿದಿಡುತ್ತದೆ.

ಕೋಡಿಬಾಗ್_ಕಡಲು
ಪ್ಲೇಟು ಮಿಲ್ ಮಾಡಿಸುತ್ತೇನೆ. ಇನ್ನೊಂದು: ಚುನಾವಣೆಗೆ ಸ್ಟೇಷನ್ನಿನಲ್ಲಿ ಕೋವಿ ಠೇವಣಿ ಇಡುವಾಗ ಸ್ಕೋಪು ಬಿಚ್ಚಿ ಕೊಡಬೇಕೋ, ಹಾಗೇ ಕೊಡಬಹುದೋ? ಅಲ್ಲಿ ಒಂದರ ಮೇಲೊಂದು ಒರಗಿಸಿಡುತ್ತಾರೆ.

ಬನವಾಸಿ_ಬೋಲ್ಟ್
ಬಿಚ್ಚಿ. ಬಿಚ್ಚುವ ಮೊದಲು ಉಂಗುರದ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಮತ್ತೆ ಹಾಕಿದ ಮೇಲೆ ಒಂದೆರಡು ಈಡು ಹಾಕಿ ನೋಡದೆ ನಂಬಬೇಡಿ.

ಹೊನ್ನಾವರ_ಬಂದರು
ಏರ್‌ಗನ್ನನ್ನೂ ಕೊಡಬೇಕಾ?